ಗು-೧೭

ಆಕಿ ಬಂದ ದಿವಸ ಲ್ಯಾಬಿನ ಬೀಗ ತೆಗದಾಂವ ನಾನೇ.
ಹಿರೂತ್ ಅಂತ ಹೆಸರು, ಇಥಿಯೋಪಿಯಾ.
ನಕಾಶಿಯೊಳಗ ಎಲ್ಲದ ಅಂದ್ರ
ತೊಗರಿಕಾಯಿಯಷ್ಟು ಉದ್ದ ಒಂದು ಕೆರಿ ಮ್ಯಾಲ ಬೆರಳಿಟ್ಟಳು.
ಮೌಲಾಲಿ ಅನ್ನಲಿಕ್ಕ ನಾಲಿಗಿ ಹೊರಳಲಿಲ್ಲ, ಮೊಲಾ ಅಂದಳು.
ಅವತ್ತಿನಿಂದ ಪರಿಸರ ವಿಜ್ಞಾನ ವಿಭಾಗಕ್ಕೆಲ್ಲ ನಾ ಮೊಲ.
ಮುಂದಿನ ಎರಡು ಹಲ್ಲು ನೋಡಿದ್ರ
ಹೆಸರು ತಪ್ಪಂತ ಹೇಳಂಗೂ ಇಲ್ಲ.

ಮೊದಲನೇ ವಾರ ಎಸ್.ಪಿ. ಆಫೀಸಿಗೆ ಮೂರು ಸಲ.
ನೀರು ನೋಡಲಿಕ್ಕ ಕಲಬುರಗಿಗೆ ಬಂದೀರೇನು,
ನಿಮ್ಮಲ್ಲಿ ನೀರಿಲ್ಲೇನು, ಅಂದ ಗುಮಾಸ್ತ.
ಆಕಿಗಿ ತಿಳೀಲಿಲ್ಲ. ನಾ ತಿಳಿಸಲಿಲ್ಲ.
ಏಪ್ರಿಲ್ ಬಿಸಲು, ಕೈಯಾಗ ಎಂಟು ಫೋಟೋ,
ಎಂಟರಾಗೂ ತುಟಿ ಬಿಗಿ ಹಿಡದಾಳ.

ಮೆಸ್ಸಿನಾಗ ರೊಟ್ಟಿ ಮುರದು ಮೂಸಿ ನೋಡಿ
ಮಶ್ಲಾ! ಅಂದಳು.
ಜ್ವಾಳಕ್ಕ ಅವರ ಕಡಿ ಹಂಗಂತಾರಂತ.
ಹಿಟ್ಟು ಹುಳಿ ಹಿಡಿಸಿಲ್ಲ ಯಾಕ ಅಂತ ಕೇಳಿದ್ದಕ್ಕ
ರಾಚಮ್ಮ ಸಿಟ್ಟಾಗಿ
ಪುಂಡಿಪಲ್ಯ ಇನ್ನೊಂದು ಸೌಟು ಬಡದಳು ತಾಟಿಗೆ.
ಆಕಿ ನಕ್ಕಳು, ಬಾಯಿಗೆ ಕೈ ಅಡ್ಡ ಇಟ್ಟು.
ಎಂಟು ತಿಂಗಳು ಹಂಗೇ ನಗೂದು ನೋಡೀನಿ.
ಅವರ ದೇಶದ ರಿವಾಜು ಇರಬೇಕಂತ
ನಾನೂ ಮರ್ಯಾದಿಗೆ ಆಕಡಿ ಮುಖ ಮಾಡತಿದ್ದೆ.

ಗಾಜಿನ ಬಾಟ್ಲಿ ಬ್ಯಾಡ ಮೊಲಾ, ಪ್ಲಾಸ್ಟಿಕ್.
ನೀರಿನಾಗಿಂದು ಗಾಜಿಗೂ ಕಚ್ಚತದಂತ.
ಗಾಜಿಗೆ ಕಚ್ಚೂದು ಎಲುಬಿಗೆ ಬಿಡತದೇನು?
ಕೇಳಬೇಕಂದೆ. ಬಾಟ್ಲಿ ತೊಳಕೋತ ಕುಂತೆ.

ಯಾದಗಿರಿ ದಾಟಿ, ಗುರಮಠಕಲ್ ದಾಟಿ,
ಜೀಪಿನ ತುಂಬ ಖಾಲಿ ಬಾಟ್ಲಿ ಗಡಗಡ.
ಊರ ಹೆಸರು ಬರಿಯಂಗಿಲ್ಲ ಅಂದ್ರು ಹೆಡ್ಮಾಸ್ತರು,
ಪೇಪರಿನಾಗ ಬಂತಂದ್ರ
ನಮ್ಮ ಹುಡಿಗೇರಿಗೆ ಬಂದ ಸಂಬಂಧ ತಿರಗತಾವ.
ಆಕಿ ತಲಿ ಹಾಕಿ ಪಟ್ಟಿ ಮ್ಯಾಲ ಬರದಳು: ಗು-೧೭.
ಅದಕ್ಕ ನಾನೂ ಇಲ್ಲಿ ಹೆಸರು ಹೇಳಂಗಿಲ್ಲ.

ಬೋರಿಂಗಿನ ನೀರು ಕನ್ನಡಿಯಂಗ ತಿಳಿ.
ಕೊಳವಿಯೊಳಗ ಗುಲಾಬಿ ಔಷಧ, ನಾಕು ಹನಿ.
ಗುಲಾಬಿ ಉಳಿದ್ರ ಕುಡೀಬಹುದು,
ಹಳದಿ ತಿರಗಿದ್ರ ಬ್ಯಾಡ.
ಹಳದಿ ತಿರಗಿತು.
ಕೊಡ ಹಿಡಕೊಂಡು ನಿಂತ ಮುದುಕಿ, ಬಂಗಾರದಂಗ ಅದ ಅಂದಳು.
ಅರಿಷಿಣ ಅಂದಳು ಇನ್ನೊಬ್ಬಾಕಿ.
ನಮ್ಮ ಕಡಿ ಹಳದಿ ಅಂದ್ರ ಮದಿವಿ.
ಇದನ್ನ ಯಾವ ಬಾಯಲೆ ಇಂಗ್ಲಿಷಿಗೆ ಹೇಳ್ಲಿ ನಾನು?

ಸಾಲಿಯೊಳಗ ಹುಡುಗರ ಸಾಲು.
ಹಲ್ಲು ತೋರಸ್ರಿ, ದೂರದಿಂದ ಮ್ಯಾಡಮ್ ಬಂದಾರ.
ಅಂಗಿ ಕಾಲರು ಕಚ್ಚಿದವು ಕೆಲವು,
ಪಾಟಿ ಅಡ್ಡ ಹಿಡದವು ಕೆಲವು.
ಸಾಬಮ್ಮ ಅಂತ ಆರನೇತ್ತೆದಾಕಿ,
ಕಣ್ಣಾಗ ನೀರು ತಂದ್ಕೊಂಡು, ಬಾಯಿ ಮ್ಯಾಲ ಎರಡೂ ಕೈ.
ಹಿರೂತ್ ಪೆನ್ನು ಮುಚ್ಚಿದಳು.
ನೆಲಕ್ಕ ಕುಕ್ಕರಗಾಲಿಲೆ ಕುಂತಳು.
ಕುಂತು, ಯಾರೂ ಏನೂ ಅನಲಾರದ,
ನಕ್ಕಳು.

ಕೈ ಅಡ್ಡ ಇರಲಿಲ್ಲ.
ಕಂದು ಪಟ್ಟಿ, ಸುಣ್ಣದ ಚುಕ್ಕಿ, ಅಂಚು ಮುಕ್ಕಾದ ಹಲ್ಲು,
ಮ್ಯಾಲ ಕೆಳಗ, ಪೂರಾ.
ಸಾಬಮ್ಮನ ಕೈ ತಾನೇ ಜಾರಿತು.
ಈಕಿನೂ ನಮ್ಮೂರಾಕಿ! ಅಂದ ಹಿಂದಿನಾಂವ ಒಬ್ಬ.
ಆಮ್ಯಾಲ ಇಡೀ ಸಾಲಿ ಬಾಯಿ ತಗೀತು,
ಬರಕೊಳ್ಳಲಿಕ್ಕ ಹಾಳಿ ಸಾಲಲಿಲ್ಲ.

ಬೋರಿಂಗಿಗೆ ಕೆಂಪು ಬಣ್ಣ ಬಳದು ಬಂದಿವಿ.
ಜೀಪು ತಿರಗೂದರಾಗ
ಕೆಂಪಿನ ಮುಂದ ಕೊಡದ ಸಾಲು ಮೊದಲಿನಂಗೇ.

ಇದು ಆಗಿ ಹದಿನೈದು ದಿನ.
ನಿನ್ನಿ ಮುಂಜಾನಿ ನನ್ನ ಸಣ್ಣ ಮಗಳು
ಹಾಲಹಲ್ಲು ಅಂಗೈಯಾಗ ಇಟ್ಟು ತೋರಿಸಿದಳು,
ಒಸಡಿನಾಗ ಹೊಸದರ ತುದಿ.
ನಮ್ಮ ಓಣಿ ಬೋರಿಂಗಿನ ನೀರು ಅರ್ಧ ಬಾಟ್ಲಿ
ಚೀಲದಾಗ ಹಾಕ್ಕೊಂಡು ಬಂದು
ಸ್ಟ್ಯಾಂಡಿನ ಕಡೀಕ ಇಟ್ಟೆ, ಪಟ್ಟಿ ಹಚ್ಚಲಾರದ.

ಇದು ಯಾರದು, ಮೊಲಾ?
ನಾ ನೆಲ ಒರಸ್ಕೋತ ಇದ್ದೆ.
ನಾಕು ಹನಿ ಹಾಕಿದಳು.
ಬಣ್ಣ ನಿಲ್ಲಲಿಕ್ಕ ಐದು ನಿಮಿಷ ಬೇಕು.
ಆಕಿ ಗಡಿಯಾರ ನೋಡಲಿಲ್ಲ,
ನನ್ನ ನೋಡಿದಳು.