ಮೊದಲು ತಣ್ಣೀರು

ಫೋರ್ಸಾದ ಕಾರ್ಖಾನೆ, ರಾತ್ರಿ ಪಾಳಿ.
ಒಡೆದ ಬಾಟಲಿ, ಮರಳು, ಸೋಡಾ
ಕುಲುಮೆಯಲ್ಲಿ ಕರಗಿ, ಜೇನಿನಂತೆ ಇಳಿದು
ಗಿರಗಿರ ತಿರುಗುವ ತೂತುಬಟ್ಟಲಿಂದ
ಎಳೆಎಳೆಯಾಗಿ ಹಾರುತ್ತದೆ.
ಅಂಟು ಬಿದ್ದು ಬೆಂದರೆ ಹಳದಿ.

ಹೊಸಬಳು ನಾನು. ಹಿಲ್ಕಾ ಅಂದಳು:
ಬೆಚ್ಚಗಿಡುವುದು ಗಾಜಲ್ಲ ಕಣೇ,
ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿ.
ನಾವು ನೇಯುವುದು ಬರೀ ಬಲೆ.

ಬೆಳಗ್ಗೆ ಮೈಯೆಲ್ಲ ನವೆ.
ಬಿಸಿನೀರಿಗೆ ಕೈಚಾಚಿದರೆ ತಡೆದಳು:
ಮೊದಲು ತಣ್ಣೀರು! ಚರ್ಮ ಬಾಯಿ ತೆರೆದರೆ
ಚೂರು ಒಳಗೇ ಮನೆ ಮಾಡುತ್ತದೆ.
ಹೊರಗೆ ಮೈನಸ್ ಇಪ್ಪತ್ತಾರು.
ನಿಂತೆವು, ಹಲ್ಲು ಕಟಕಟ.

ಆಮೇಲೆ ಸೌನಾದ ಹಲಗೆಯ ಮೇಲೆ,
ಯಾರೂ ಕೇಳದೆ:
ಔಲಿಸ್ ಕುಡಿದು ಬಿಸಾಡಿದ ಬಾಟಲಿಯೆಲ್ಲ
ಇಲ್ಲಿಗೇ ಬಂದಿರಬೇಕು.
ಅಟ್ಟಕ್ಕೆ ಎರಡು ಪದರ ಹಾಸಿದ್ದೇನೆ.
ಹೋದ ವರ್ಷ ಏಪ್ರಿಲ್‌ವರೆಗೂ
ನಮ್ಮ ಮಾಡಿನ ಹಿಮ ಕದಲಲಿಲ್ಲ.