ಒತ್ತು

ಎಡಗೈಯ ಹೆಬ್ಬೆರಳಲ್ಲಿ ಆಲ್ಟ್ ಕೀಲಿ ಅದುಮಿ ಹಿಡಿದು
ಬಲಗೈಯಲ್ಲಿ ಒಂದು, ಆರು, ನಾಲ್ಕು.
ಹೆಬ್ಬೆರಳು ಎತ್ತಿದ ಮೇಲೇ ಅಕ್ಷರ ಹುಟ್ಟುವುದು,
ಅಲ್ಲಿಯತನಕ ಪರದೆಯಲ್ಲಿ ಏನೂ ಇಲ್ಲ.
ಉಸಿರು ಕಟ್ಟಿ ಮುಳುಗಿದವನ ತಲೆ ಮೇಲೆದ್ದ ಹಾಗೆ
ಎನ್, ಮತ್ತದರ ನೆತ್ತಿಯ ಮೇಲೊಂದು ಪುಟ್ಟ ಅಲೆ.

ಈಗಲ್ ಪಾಸ್, ಟೆಕ್ಸಾಸ್. ಮೇ ತಿಂಗಳ ಕೊನೆಯ ಬುಧವಾರ.
ಶಾಲೆಯ ಕಚೇರಿಯಲ್ಲಿ ಆರ್ಸೆಲಿಯಾ ಸೂಞಿಗ
ಇನ್ನೂರ ಹನ್ನೆರಡು ಪ್ರಮಾಣಪತ್ರಗಳ ಮುಂದೆ ಕೂತಿದ್ದಾಳೆ.
ಮೇಲಿನವರು ಕಳಿಸಿದ ಪಟ್ಟಿಯಲ್ಲಿ ಹೆಸರುಗಳೆಲ್ಲ ಬೋಳು,
ಕ್ಷೌರದಂಗಡಿಯಿಂದ ಈಗಷ್ಟೇ ಎದ್ದು ಬಂದ ಮಕ್ಕಳಂತೆ
ಎಲ್ಲ ಒಂದೇ ಥರ, ಕಿವಿ ಮಾತ್ರ ದೊಡ್ಡದು.
ಕೀಲಿಮಣೆ ಇಂಗ್ಲಿಷಿನದು. ಅದರ ತಪ್ಪೇನಿಲ್ಲ.
ತನ್ನಲ್ಲಿ ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು?

ಪರದೆಯ ಅಂಚಿಗೊಂದು ಹಳದಿ ಚೀಟಿ, ಮೂರು ಸಲ ಟೇಪು ಕಂಡದ್ದು.
ನೂರರವತ್ತು, ಆ. ನೂರರವತ್ತೊಂದು, ಈ.
ಓ, ಊ ಅದೇ ಬೀದಿಯಲ್ಲಿ ಅಕ್ಕಪಕ್ಕ.
ಏ ಒಬ್ಬಳೇ ಜಗಳವಾಡಿ ಬೇರೆ ಮನೆ ಮಾಡಿದವಳು,
ನೂರಮೂವತ್ತರಲ್ಲಿದ್ದಾಳೆ, ಯಾಕೆಂದು ಕೇಳಿದವರಿಲ್ಲ.
ನಮ್ ಲಾಕಿನ ಹಸಿರು ದೀಪ ಆರಿದ್ದರಂತೂ ಮುಗಿಯಿತು,
ಅಂಕಿಗಳು ಬಾಣಗಳಾಗಿ, ಕರ್ಸರು
ಹಗ್ಗ ಬಿಚ್ಚಿದ ಕರುವಿನಂತೆ ಸಾಲುಬಿಟ್ಟು ಓಡುತ್ತದೆ.

ನನ್ನ ಭಾಷೆಯಲ್ಲಿ ಇದಕ್ಕೆಲ್ಲ ಒಂದೇ ಮಾತು.
ಕೀಲಿಯನ್ನು ಒತ್ತು. ಮಾತಿನಲ್ಲಿ ಎಲ್ಲಿದೆ ಒತ್ತು?
ಅಕ್ಷರದ ಕಾಲಿಗೆ ಜೋತುಬಿದ್ದದ್ದೂ ಒತ್ತು.
ನಾವದನ್ನು ಕೆಳಗಿಡುತ್ತೇವೆ, ಇವರು ತಲೆ ಮೇಲೆ,
ಭಾರ ಅಷ್ಟೇ.
ಆ ಅಲೆಯ ಎನ್ ಕೂಡ ನನಗೆ ಹೊಸದಲ್ಲ,
ಒಂದನೇ ಕ್ಲಾಸಿನಲ್ಲಿ ಚ ಛ ಜ ಝ ಆದಮೇಲೆ
ಮೂಗಿನಿಂದ ಕೂಗಿದ ಞ.
ಪಾಟಿಯಲ್ಲಿ ತಿದ್ದಿದೆವು, ಆಮೇಲೆ
ಜ್ಞಾನದ ಅಡಿಗೆ ಸಿಕ್ಕಿಸಿ ಮರೆತೆವು.
ಇಲ್ಲಿ ನೋಡಿದರೆ ಅದಕ್ಕೆ ಕೈತುಂಬ ಕೆಲಸ.
ಇವರ ವರ್ಷದಲ್ಲಿದೆ, ನಾಳೆಯಲ್ಲಿದೆ,
ಮಗುವಿನಲ್ಲಿದೆ, ಕನಸಿನಲ್ಲೂ.

ನೂರಮೂವತ್ತೊಂಬತ್ತನೆಯ ಹಾಳೆ ಪೆಞಾ. ಪೆಞಾ ಎಂದರೆ ಬಂಡೆ.
ಅಲೆ ಬಿದ್ದುಹೋದರೆ ಪೆನಾ. ಪೆನಾ ಎಂದರೆ ದುಃಖ.
ಫುಟ್‌ಬಾಲ್ ತಂಡದ ಆ ದಪ್ಪ ಹುಡುಗ ನಾಲ್ಕು ವರ್ಷ
ಬೆನ್ನ ಮೇಲೆ ದುಃಖ ಹೊಲಿಸಿಕೊಂಡು ಓಡಿದ್ದಾನೆ,
ನಗುತ್ತಲೇ.
ಒಂದು, ಆರು, ನಾಲ್ಕು. ಬಂಡೆ ಮರಳಿ ಕೂತಿತು.

ಕಾಫಿ ಆರಿತು. ಹೆಬ್ಬೆರಳು ನೊಂದಿತು.
ಆಗ ಬಾಗಿಲಲ್ಲಿ ಒಬ್ಬಳು, ಬೆನ್ನಚೀಲ ಇಳಿಸದೆ,
ನೊಯೆಲಿಯಾ ತ್ರೆವಿಞೊ.
"ಮಿಸ್, ನನ್ನದಕ್ಕೆ ಅದು ಬೇಡ."
ಯಾವುದು?
ಹುಡುಗಿ ಬೆರಳಿನಿಂದ ಗಾಳಿಯಲ್ಲೊಂದು ಡೊಂಕು ಗೆರೆ ಎಳೆದಳು.
"ಪಾಸ್‌ಪೋರ್ಟಿನಲ್ಲಿಲ್ಲ, ಬ್ಯಾಂಕಿನಲ್ಲಿಲ್ಲ, ಅಪ್ಪನ ಕಾರ್ಡಿನಲ್ಲೂ ಇಲ್ಲ.
ಎರಡು ಕಾಗದ ಎರಡು ಥರ ಇದ್ದರೆ
ಗಾಜಿನಾಚೆಯವರು ಕೇಳುತ್ತಾರೆ, ಇವರಲ್ಲಿ ನೀನು ಯಾರು ಅಂತ.
ಅಮ್ಮನನ್ನು ಸೇತುವೆ ಮೇಲೆ ಒಮ್ಮೆ ಮೂರು ಗಂಟೆ ನಿಲ್ಲಿಸಿದ್ದರು."

ಆರ್ಸೆಲಿಯಾ ಬಾಯಿ ತೆರೆದಳು. ಭಾಷಣ ಸಿದ್ಧವಿತ್ತು,
ಅಜ್ಜಿ, ಹೆಸರು, ಬೇರು, ಇತ್ಯಾದಿ.
ಮೇಜಿನ ಮೇಲೆ ಅವಳದೇ ಫಲಕ: ಸುನಿಗ.
ಒಂಬತ್ತು ವರ್ಷದ ಹಿಂದೆ ಮೇಲಿನವರೇ ಮಾಡಿಸಿ ಕೊಟ್ಟದ್ದು.
ಸೋಮವಾರ ಅವಳು ಮಾರ್ಕರಿನಲ್ಲಿ ಅಲೆ, ಗೀಟು ಎರಡೂ ಬರೆಯುತ್ತಾಳೆ.
ಶುಕ್ರವಾರ ಸಂಜೆ ಕಸ ಗುಡಿಸುವವನು
ಕಲೆಯೆಂದು ತಿಳಿದು ಒರೆಸುತ್ತಾನೆ.

ಅಳಿಸುವುದಕ್ಕೆ ಸಂಖ್ಯೆ ಬೇಕಿಲ್ಲ.
ಒಂದೇ ಒತ್ತು, ಬೋಳು ಎನ್, ಹಾಳೆ ಬಿಸಿಬಿಸಿಯಾಗಿ ಹೊರಬಿತ್ತು.
ಹುಡುಗಿ ಅದನ್ನು ಎತ್ತಿ ಹಿಡಿದು ಮೆಲ್ಲಗೆ ಓದಿಕೊಂಡಳು,
ನಾಲಿಗೆ ಅಗಲವಾಗಿ ಅಂಗುಳಕ್ಕೆ ಒತ್ತಿತು.
"ಥ್ಯಾಂಕ್ಯೂ ಮಿಸ್ ಸೂಞಿಗ," ಅಂದಳು, ಹೋದಳು.

ಬೋಳು ಹೆಸರುಗಳು ಕೆಲವು. ಆಮೇಲೆ ಯಾಞೆಸ್,
ಅದಕ್ಕೆ ಒಂದು ಗೀಟು, ಒಂದು ಅಲೆ.
ಹಸಿರು ದೀಪ ಉರಿಯುತ್ತಿದೆಯೇ ಎಂದು
ಅವಳು ಬಗ್ಗಿ ನೋಡಿದಳು.