ಕೊಸರು

ಬಾಟಲಿಗಳ ಮೇಲೆ ಹೆಸರಿಲ್ಲ, ಬರೀ ನಂಬರು.
ಆದರೂ ಏಳನೆಯದು ಹಾಜಿರಾಬಿಯದೆಂದು ನನಗೆ ಗೊತ್ತು:
ಮುಚ್ಚಳದ ಅಂಚಿಗೆ ಮಸಿ ಬೆರಳಿನ ಗುರುತು,
ಒರೆಸಿದರೂ ಹೋಗದ್ದು.

ಬೆಳಕು ಬೀಳಬಾರದೆಂದು
ಒಂದೊಂದಕ್ಕೂ ಬೆಳ್ಳಿ ಹಾಳೆ ಸುತ್ತಿ ತಂದಿದ್ದೆ
ಭಟ್ಟಿ ಓಣಿಯಿಂದ, ಸ್ಕೂಟಿಯ ಮೇಲೆ, ಐಸ್ ಡಬ್ಬಿಯಲ್ಲಿ.
"ಉಚ್ಚೇನೂ ಪಾರ್ಸಲ್ ಕಟ್ತೀರೇನ್ರೀ?"
ಸೆರಗಿನಿಂದ ಬಾಯಿ ಮುಚ್ಚಿ ನಕ್ಕಿದ್ದಳು.
ನಗುವಿನ ಹಿಂದೇ ಕೆಮ್ಮು.

ಕಾದ ಮರಳು, ಸಿಡಿಯುವ ಅಕ್ಕಿ,
ಕೆಳಗೆ ಹೊಟ್ಟು; ಹೊಟ್ಟು ಸಾಲದ ದಿನ
ಹರಿದ ಚಪ್ಪಲಿ, ಲಾರಿ ಟೈರಿನ ತುಂಡು.
ಅಷ್ಟು ಕಪ್ಪು ಒಲೆಯಿಂದ ಇಷ್ಟು ಬಿಳಿ ಕಾಳು
ಹೇಗೆ ಹಾರಿ ಬರುತ್ತದೋ, ನೋಡುತ್ತ ನಿಂತರೆ
ಫಾರಂ ತುಂಬುವುದೇ ಮರೆಯುತ್ತದೆ.
ವಯಸ್ಸು? ಇರಬಹುದು ನಲವತ್ತು.
ಬೀಡಿ? ಥೂ.
ಎಷ್ಟು ವರ್ಷದಿಂದ ಈ ಕೆಲಸ?
"ಅಮ್ಮನ ಹೊಟ್ಟೇಲಿದ್ದಾಗಿಂದ ಅಂತ ಬರ್ಕೋರಿ."

ರಾತ್ರಿಯಿಡೀ ಕಿಣ್ವದ ಜೊತೆ ಮೂವತ್ತೇಳು ಡಿಗ್ರಿಯಲ್ಲಿ,
ಮೈಯ ಬಿಸಿಯಲ್ಲೇ, ಮೈಯಿಂದ ಹೊರಗೆ.
ದೇಹ ಸಕ್ಕರೆ ಸವರಿ ಸಾಗಹಾಕಿದ್ದನ್ನು
ಮತ್ತೆ ಬಿಡಿಸಿ ತೆಗೆಯುವ ಕೆಲಸ.
ಮೊದಲೇ ಅದರ ಅವಳಿಯನ್ನೂ ಅಳೆದು ಹಾಕಿರುತ್ತೇನೆ,
ತೂಕದಲ್ಲಿ ಒಂಬತ್ತು ಹೆಚ್ಚು, ಉಳಿದಂತೆ ತದ್ರೂಪ.
ದಾರಿಯಲ್ಲಿ ಅದೆಷ್ಟು ಕಳೆಯಿತೋ
ಇದೂ ಅಷ್ಟೇ ಕಳೆದಿರುತ್ತದೆಂಬ ನಂಬಿಕೆ.

ಪಂಪು ಗುಂಯ್‌ಗುಡುತ್ತದೆ. ಗಾಳಿಯೂ ಇಲ್ಲದ ಕತ್ತಲೆಗೆ
ಇನ್ನೂರ ಹದಿನೇಳು ಒಳಹೋಗಿ
ಒಡೆದು ನೂರ ಎಂಬತ್ತೊಂಬತ್ತಾಗಿ ಬಂದರೆ
ಅದೇ. ಪೈರೀನು. ಹೊಗೆಯ ಸಹಿ.
ಎಷ್ಟು ಅಂತೀರಾ?
ಎರಡು ಸಾವಿರ ಚೀಲ ಮಂಡಕ್ಕಿ ಸುರಿದು ಗುಡ್ಡ ಮಾಡಿ,
ಅದರಲ್ಲಿ ಸುಟ್ಟ ಕಾಳು ಒಂದು.
ಹಾಜಿರಾಬಿಯ ಗುಡ್ಡದಲ್ಲಿ ಹನ್ನೊಂದು.

ಹೋಲಿಕೆಗೆ ಹೊಗೆ ತಾಗದ ಮೈ ಬೇಕಿತ್ತು.
ಎಸಿ ರೂಮು, ಬಿಳಿ ಕೋಟು, ಮನೆಯಲ್ಲಿ ಗ್ಯಾಸು,
ನಾನೇ ಕೊಟ್ಟೆ, ಸೊನ್ನೆಯ ಜಾಗಕ್ಕೆ.

ಗೆರೆ ಮಲಗಿರಬೇಕಾದಲ್ಲಿ
ನಾಲ್ಕೂವರೆ ನಿಮಿಷಕ್ಕೆ ಎದ್ದಿತು ಒಂದು ದಿಬ್ಬ,
ಚಿಕ್ಕದು, ಚೂಪು.
ಸೂಜಿ ತೊಳೆದೆ. ದ್ರಾವಕ ಬದಲಿಸಿದೆ.
ಬರೀ ನೀರು ಓಡಿಸಿದೆ: ಮಲಗಿತು.
ಮತ್ತೆ ನನ್ನದು: ಎದ್ದಿತು.
ಎರಡು ಕಾಳು, ಮೇಲೆ ಚೂರು.

ಭಟ್ಟಿ ಓಣಿಗೂ ನಮ್ಮ ಮನೆಗೂ ನಡುವೆ ಮೂರೇ ಅಡ್ಡರಸ್ತೆ.
ತಂತಿಯ ಮೇಲಿನ ಕೋಟನ್ನು
ದಿನವೂ ಕೊಡವಿ ಮಡಿಸುವವಳು ನಾನೇ.
ಬಿಳಿ ಅಂದುಕೊಂಡಿದ್ದೆ.

"ಬೇರೆ ಸೊನ್ನೆ ಹುಡುಕಮ್ಮ" ಅಂದರು
ಮುರಿಗೇಶ ಸರ್, ತಲೆ ಎತ್ತದೆ.
ದಾವಣಗೆರೆಯಲ್ಲಿ ಸೊನ್ನೆ ಎಲ್ಲಿ ಸಿಗುತ್ತದೆ?
ಹರಿಹರದಿಂದ ಬರುವ ಗುಮಾಸ್ತ ಸೇದುತ್ತಾನೆ,
ವಾಚ್‌ಮನ್ ಚಳಿಗೆ ಕಸ ಸುಟ್ಟು ಕೈ ಕಾಯಿಸುತ್ತಾನೆ,
ಸರ್, ನಿಮ್ಮದು ಕೊಡ್ತೀರಾ ಎನ್ನಲು
ನಾಲಿಗೆ ಏಳಲಿಲ್ಲ.

ಶನಿವಾರ ಮತ್ತೆ ಓಣಿ.
"ಏನ್ ಬಂತ್ರೀ ನಂದು? ಪಾಸೋ, ಫೇಲೋ?"
ಎಲ್ಲಿಂದಾಚೆ ಫೇಲು ಎಂದು ನನ್ನ ಕಾಗದದಲ್ಲಿಲ್ಲ.
ನಂದೂ ಬಂದಿದೆ, ಎಂದೆ.
ಒಂದು ಗಳಿಗೆ ಮುಖ ನೋಡಿದಳು,
ಆಮೇಲೆ ಗೋಣಿತಟ್ಟಿನ ಮೇಲೆ ಸರಿದು
ಜಾಗ ಮಾಡಿದಳು.

ಹೊರಡುವಾಗ ಒಂದು ಸೇರು ಕೇಳಿದೆ.
ಡಬ್ಬಿ ತುಂಬಿ, ಅಂಗೈಯಿಂದ ಸವರಿ ಸಮ ಮಾಡಿ,
ಚೀಲಕ್ಕೆ ಸುರಿದು,
ಮೇಲೊಂದು ಬೊಗಸೆ ಹಾಕಿದಳು.
"ಇದ್ಕೆ ಲೆಕ್ಕ ಇಲ್ಲರೀ, ಕೊಸರು."

ಬೊಗಸೆಯ ಗೆರೆಗಳಲ್ಲಿ ಮಸಿ.
ಕಾಳು ಇನ್ನೂ ಬೆಚ್ಚಗಿದ್ದವು.
ಸ್ಕೂಟಿ ಹತ್ತುವ ಮೊದಲೇ
ಒಂದು ಹಿಡಿ ತಿಂದೆ.